‘ವರ್ಗ’ ಅಂದ್ರೆ ಮೇಷ್ಟ್ರಿಗೆ ಟ್ರಾನ್ಸ್‌ಫರ್ರಾ?

ಹೈಸ್ಕೂಲಿಗೆ ಆಗತಾನೆ ಕಾಲಿಟ್ಟ ಹಳ್ಳಿ ಹುಡುಗನನ್ನು ನಿಲ್ಲಿಸಿ, ‘ವರ್ಗ ಅಂದ್ರೇನಪ್ಪಾ?’ ಅಂತ ಕೇಳಿ ನೋಡಿ. ಮೇಷ್ಟ್ರನ್ನ ಬೇರೆ ಊರಿಗೆ ಹಾಕೋದು ಅಂತಾನೆ. ಇಲ್ಲವೇ ಹಿಂದುಳಿದ ವರ್ಗ ಅಂತಾನೆ. ಎರಡೂ ತಪ್ಪಲ್ಲ ಸ್ವಾಮಿ! ಆದರೆ ಅವನ ಮುಂದಿರುವ ಲೆಕ್ಕದ ಪುಸ್ತಕ ಐದರ ವರ್ಗ ಇಪ್ಪತ್ತೈದು ಅನ್ನುತ್ತದೆ. ‘ಘನ’ ಅಂದರೆ ಅವನಿಗೆ ಗೊತ್ತಿರೋದು ಘನ ಸರ್ಕಾರ. ‘ಸಾಧಿಸಿ’ ಅಂದರೋ, ಊರಲ್ಲಿ ಜನ ಸಾಧಿಸೋದು ಹಗೆ, ಇಲ್ಲ ಹಟ. ಪ್ರಮೇಯವನ್ನು ಸಾಧಿಸಬೇಕು ಅಂತ ಅವನಿಗೆ ಹೇಳಿದವರು ಯಾರು?

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಮಂಡ್ಯ ಜಿಲ್ಲೆ ಎಷ್ಟನೇ ಸ್ಥಾನಕ್ಕೆ ಬಂತು, ಎಷ್ಟಕ್ಕೆ ಇಳಿಯಿತು ಅಂತ ಕಚೇರಿಯಿಂದ ಕಾಫಿ ಹೋಟೆಲ್‌ವರೆಗೂ ಚರ್ಚೆಯೋ ಚರ್ಚೆ. ಮೇಷ್ಟ್ರು ಸರಿಯಿಲ್ಲ, ಹುಡುಗರು ಮೊಬೈಲ್ ಹಿಡ್ಕೊಂಡು ಕೆಟ್ರು ಅಂತ ತೀರ್ಪೂ ಆಗಿಬಿಡುತ್ತದೆ. ವಿಷಯ ಗೊತ್ತಿದ್ದೂ ಪ್ರಶ್ನೆಯ ಮಾತೇ ಅರ್ಥವಾಗದೆ ಕೂತ ಮಕ್ಕಳ ಲೆಕ್ಕ ಇಡುವವರು ಮಾತ್ರ ಯಾರೂ ಇಲ್ಲ. ‘ಸಮರ್ಥಿಸಿ’ ಅನ್ನೋದಕ್ಕೂ ‘ವಿವರಿಸಿ’ ಅನ್ನೋದಕ್ಕೂ ವ್ಯತ್ಯಾಸ ತಿಳಿಯದವನು ಪುಟಗಟ್ಟಲೆ ಬರೆದರೂ ಪ್ರಯೋಜನವೇನು?

ಪದ ಕಲಿಸುವ ಕೆಲಸ ಈಗ ಹೇಗೆ ನಡೆಯುತ್ತಿದೆ? ಪಾಠದ ಕೊನೆಯಲ್ಲಿ ‘ಪದಗಳ ಅರ್ಥ’ ಅಂತ ಒಂದು ಪಟ್ಟಿ. ‘ಐದೈದು ಸಲ ಬರ್ಕೊಂಡ್ ಬಾ’ ಅಂತ ಒಂದು ಅಪ್ಪಣೆ. ಅಲ್ಲಿಗೆ ಮುಗಿಯಿತು. ಅನಲ ಅಂದರೆ ವಹ್ನಿ ಅಂತ ಐದು ಸಲ ಬರೆದ ಮಗುವಿಗೆ ಒಲೆಯ ಬೆಂಕಿ ನೆನಪಿಗೆ ಬರಬೇಕಾದರೆ ಇನ್ನೊಂದು ನಿಘಂಟು ಬೇಕು. ಕೈ ನೋಯುತ್ತದೆಯೇ ಹೊರತು ಪದ ತಲೆಗೆ ಹೋಗುವುದಿಲ್ಲ.

ಹಾಗಂತ ನಮ್ಮ ಮಕ್ಕಳು ಪದದ ಬಡವರೇ? ಖಂಡಿತಾ ಅಲ್ಲ. ಕಬ್ಬಿನ ಸೀಮೆಯ ಹುಡುಗನಿಗೆ ಜಲ್ಲೆ, ಸೋಗೆ, ಗೆಣ್ಣು, ಕೂಳೆ ಎಲ್ಲಾ ಗೊತ್ತು. ನಾಲೆ, ತೂಬು ಗೊತ್ತು. ಶಾಲೆಯ ಬಾಗಿಲಲ್ಲಿ ಇಷ್ಟನ್ನೂ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಬಾ ಅಂತೀವಲ್ಲ, ಕಷ್ಟ ಶುರುವಾಗೋದೇ ಅಲ್ಲಿ.

ಆಲೆಮನೆಯನ್ನೇ ತಗೊಳ್ಳಿ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತೆ, ನೀರಿನಂಶ ಆವಿಯಾಗಿ ಮೇಲೆ ಹೋಗುತ್ತೆ. ಪುಸ್ತಕದ ‘ಆವೀಕರಣ’ ಅಂದರೆ ಇದೇ ಕಣಪ್ಪಾ ಅಂದರೆ ಮುಗೀತು. ಪಾಕ ಗಟ್ಟಿಯಾಗುತ್ತಾ ಬರುತ್ತೆ, ಅದು ‘ಸಾಂದ್ರತೆ’ಯ ಮಾತು. ಬೀಜ ಬಿತ್ತದೆ, ಕಣ್ಣಿರೋ ತುಂಡು ನೆಟ್ಟು ಕಬ್ಬು ಬೆಳೀತೀವಲ್ಲ, ಅದಕ್ಕೆ ಪುಸ್ತಕ ‘ಕಾಯಜ ಸಂತಾನೋತ್ಪತ್ತಿ’ ಅಂತ ದೊಡ್ಡ ಹೆಸರಿಟ್ಟಿದೆ. ಕಾಯ ಅಂದರೆ ಮೈ, ಮೈಯಿಂದ ಹುಟ್ಟಿದ್ದು ಕಾಯಜ. ಇಷ್ಟು ಹೇಳದಿದ್ದರೆ ಹುಡುಗ ಅದನ್ನು ತೆಂಗಿನ ಕಾಯಿಗೆ ಗಂಟು ಹಾಕುತ್ತಾನೆ! ಮೊದಲು ವಸ್ತು, ಆಮೇಲೆ ಮನೆಮಾತು, ಕೊನೆಗೆ ಪುಸ್ತಕದ ಮಾತು. ಈ ಸಾಲಿನಲ್ಲಿ ಬಂದ ಪದ ಗಟ್ಟಿಯಾಗಿ ಕೂರುತ್ತದೆ.

ಇನ್ನೊಂದು ಉಪಾಯ ಪದವನ್ನು ಬಿಡಿಸೋದು. ಆವಿಯಾಗಿ ಮಾಡೋದು ಆವೀಕರಣ, ಎರಡು ಕಡೆಯನ್ನೂ ಸಮ ಮಾಡಿ ಇಡೋದು ಸಮೀಕರಣ, 1969ರಲ್ಲಿ ಬ್ಯಾಂಕುಗಳಿಗೆ ಆದದ್ದು ರಾಷ್ಟ್ರೀಕರಣ. ಬಾಲ ಒಂದೇ, ತಲೆ ಬೇರೆ. ಈ ಬಾಲ ಒಂದನ್ನು ಹಿಡಿದರೆ ಹತ್ತು ಪದ ತಾವಾಗೇ ಬರುತ್ತವೆ. ಮಕ್ಕಳು ಹೆದರುವ ‘ದ್ಯುತಿಸಂಶ್ಲೇಷಣೆ’ಯೂ ಅಷ್ಟೆ. ದ್ಯುತಿ ಅಂದರೆ ಬೆಳಕು, ಸಂಶ್ಲೇಷಣೆ ಅಂದರೆ ಕೂಡಿಸೋದು. ಬೆಳಕಿನ ಬಲದಿಂದ ಎಲೆ ತನ್ನ ಆಹಾರವನ್ನು ಕೂಡಿಸಿಕೊಳ್ಳುತ್ತೆ. ಬಿಡಿಸಿ ನೋಡೋದು ವಿಶ್ಲೇಷಣೆ. ಒಂದೇ ಪದಕ್ಕೆ ಎರಡು ಅರ್ಥ ಅಂಟಿಕೊಂಡರೆ ಶ್ಲೇಷೆ, ಅದು ಕನ್ನಡ ಪಂಡಿತರ ಪೀರಿಯಡ್ಡು. ಅಲ್ರೀ, ಒಂದೇ ಬೇರಿನ ಪದವನ್ನು ವಿಜ್ಞಾನದ ಮೇಷ್ಟ್ರು ಒಂದು ರೂಮಿನಲ್ಲಿ, ಕನ್ನಡ ಮೇಷ್ಟ್ರು ಪಕ್ಕದ ರೂಮಿನಲ್ಲಿ ಹೇಳುತ್ತಾರೆ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ ಇಬ್ಬರೂ ಒಂದು ಮಾತು ಆಡಿಕೊಂಡರೆ ಯಾರ ಗಂಟು ಹೋಗುತ್ತೆ?

ಒಂದು ಸಲ ಹೇಳಿ ಕೈತೊಳೆದುಕೊಳ್ಳುವುದೂ ಆಗದು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬಾತ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಕಲಿತದ್ದರಲ್ಲಿ ಬಹುಪಾಲು ಮೊದಲ ದಿನದೊಳಗೇ ಮರೆತುಹೋಗುತ್ತದೆ ಅಂತ 1885ರಲ್ಲೇ ಬರೆದಿಟ್ಟ. ಒಟ್ಟಿಗೆ ಉರು ಹೊಡೆಯುವುದಕ್ಕಿಂತ ದಿನಗಳ ಅಂತರದಲ್ಲಿ ಮತ್ತೆ ಮತ್ತೆ ನೆನೆದದ್ದು ಉಳಿಯುತ್ತೆ ಅನ್ನೋದೂ ಅವನ ಮಾತೇ. ನಮ್ಮ ಹಳೇ ಮೇಷ್ಟ್ರುಗಳು ದಿನಾ ಸಂಜೆ ಮಗ್ಗಿ ಹೇಳಿಸುತ್ತಿದ್ದದ್ದು ಸುಮ್ಮನೆ ಅಲ್ಲ. ಮಗ್ಗಿಗೆ ಇದ್ದ ಈ ಭಾಗ್ಯ ಪದಕ್ಕೆ ಯಾಕಿಲ್ಲ?

ಖರ್ಚೇನೂ ಇಲ್ಲ. ಮದುವೆ ಲಗ್ನಪತ್ರಿಕೆಗಳ ಹಿಂಭಾಗ ಖಾಲಿ ಇರುತ್ತೆ. ಪಾಠಕ್ಕೆ ಐದಾರೇ ಪದ ಆರಿಸಿ ಅದರಲ್ಲಿ ಬರೆಯಿರಿ. ಮಾರನೇ ದಿನ ಕೇಳಿ, ಮೂರು ದಿನ ಬಿಟ್ಟು ಕೇಳಿ, ಮುಂದಿನ ವಾರ ಮತ್ತೆ ಕೇಳಿ. ಅರ್ಥ ಒಪ್ಪಿಸಿದರೆ ಸಾಲದು, ತನ್ನ ಮನೆಯದೋ ಹೊಲದ್ದೋ ಒಂದು ವಾಕ್ಯ ಮಾಡಿ ಹೇಳಬೇಕು. 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಚಿಕ್ಕ ಮಕ್ಕಳು ಕಾರ್ಡು ಹಿಡಿದೇ ಕಲಿತರು. ದೊಡ್ಡ ಕ್ಲಾಸಿಗೆ ಬಂದರೆ ಕಾರ್ಡು ಅಂದರೆ ಮಕ್ಕಳಾಟ ಅಂತ ಮೂಗು ಮುರಿಯುವವರೇ ಹೆಚ್ಚು.

ಇಂಗ್ಲಿಷಿಗೂ ಇದೇ ಮಾತು. ಬಿ-ಯು-ಟಿ ಬಟ್ ಅಂತ ಸ್ಪೆಲ್ಲಿಂಗ್ ಹಾಡಿಸೋದಕ್ಕೆ ಮುಂಚೆ, ಗ್ಯಾರೇಜ್ ಮುಂದೆ ಆಡೋ ಹುಡುಗನಿಗೆ ಬ್ರೇಕು, ಪಂಚರು, ಸೈಲೆನ್ಸರು ಗೊತ್ತಿದೆ ಅನ್ನೋದು ನೆನಪಿರಲಿ. ಸೈಲೆನ್ಸರಿನಿಂದ ಸೈಲೆನ್ಸಿಗೆ ಎಷ್ಟು ದೂರ?

ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಹೆಸರನ್ನು ಇನಿಷಿಯಲ್ಲಿನಲ್ಲಿ ಹೊತ್ತ ಜಿ. ವೆಂಕಟಸುಬ್ಬಯ್ಯನವರು ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದುಡಿದವರು. ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ವರ್ಷಗಟ್ಟಲೆ ಉತ್ತರ ಕೊಟ್ಟವರು. 2021ರಲ್ಲಿ 107ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂಥವರ ಜಿಲ್ಲೆಯ ಶಾಲೆಗಳಲ್ಲಿ ನಿಘಂಟು ಎಲ್ಲಿದೆ ಅಂತ ವಿಚಾರಿಸಿದರೆ, ಹೆಡ್‌ಮಾಸ್ಟರ ರೂಮಿನ ಬೀರುವಿನಲ್ಲಿ ಅನ್ನುವ ಉತ್ತರವೇ ಜಾಸ್ತಿ. ಮಕ್ಕಳು ಹರಿದುಬಿಡ್ತಾರೆ ಅಂತ ಬೀಗ! ಬಿಇಒ ಸಾಹೇಬರು ಮುಂದಿನ ತಪಾಸಣೆಗೆ ಹೋದಾಗ ಹಾಜರಿ ಪುಸ್ತಕ ನೋಡುವ ಮುಂಚೆ ಆ ಬೀರುವಿನ ಕೀಲಿ ಕೇಳಲಿ. ನಿಘಂಟನ್ನು ಎಂಟನೇ ಕ್ಲಾಸಿನ ಕಿಟಕಿಯ ಮೇಲೆ ಇಡಿಸಿ ಬರಲಿ. ಹರಿದರೆ ಹರಿಯಲಿ, ಇನ್ನೊಂದು ತರಿಸೋಣ.