ಪುತ್ತೂರಿನ ಬಾನುಲಿಯೂ ಊರಿನ ವಾರ್ತೆಯೂ

ಪುತ್ತೂರಿನ ವಿವೇಕಾನಂದ ಕಾಲೇಜಿನ ಆವರಣದಲ್ಲಿ ‘ರೇಡಿಯೋ ಪಾಂಚಜನ್ಯ’ವೆಂಬ ಸಮುದಾಯ ಬಾನುಲಿ ಕೇಂದ್ರವೊಂದುಂಟು. 90.8 ಮೆಗಾಹರ್ಟ್ಸಿನಲ್ಲಿ ಅದರ ಧ್ವನಿ ಕೇಳಬರುತ್ತದೆ. ಪಾಂಚಜನ್ಯವು ಕುರುಕ್ಷೇತ್ರದಲ್ಲಿ ಯುದ್ಧಾರಂಭವನ್ನು ಸಾರಿದ ಶಂಖವೆಂಬುದನ್ನು ವಾಚಕರು ಬಲ್ಲರು. ಆದರೆ ಆ ಹೆಸರನ್ನು ತಳೆದ ಈ ಕೇಂದ್ರಕ್ಕೆ, ತನ್ನ ಊರಿನ ನಗರಸಭೆಯಲ್ಲಿ ನಿನ್ನೆ ಯಾವ ವಾಗ್ವಾದ ನಡೆಯಿತೆಂಬುದನ್ನು ತಾನಾಗಿ ಸಾರುವ ಅಧಿಕಾರವಿಲ್ಲ. ಇದು ಕೇಂದ್ರದವರ ತಪ್ಪಲ್ಲ, ಕಾನೂನೇ ಹಾಗಿದೆ.

ಇದು ಹೇಗೆ ಬಂದಿತೆಂಬುದನ್ನು ತಿಳಿಯಬೇಕಾದರೆ ತುಸು ಹಿಂದಕ್ಕೆ ಹೋಗಬೇಕು. ಕನ್ನಡನಾಡಿನಲ್ಲಿ ಬಾನುಲಿಯನ್ನು ಮೊದಲು ನೆಲೆಗೊಳಿಸಿದವರು ಸರಕಾರದವರಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಲ್ಲಿಯೇ 30 ವ್ಯಾಟಿನ ಪ್ರೇಷಕಯಂತ್ರವೊಂದನ್ನು ಹೂಡಿ ಪ್ರಸಾರವನ್ನಾರಂಭಿಸಿದರು. ಅದಕ್ಕೆ ‘ಆಕಾಶವಾಣಿ’ಯೆಂಬ ನಾಮಧೇಯವಾಯಿತು. ಒಬ್ಬ ಅಧ್ಯಾಪಕರ ಮನೆಯ ಆ ಹೆಸರನ್ನೇ ಸ್ವತಂತ್ರ ಭಾರತದ ಬಾನುಲಿ ಸಂಸ್ಥೆಯು ಮುಂದೆ ಧರಿಸಿತೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಆ ಕೇಂದ್ರವೂ ಕೆಲವು ವರ್ಷಗಳಲ್ಲಿ ಮೈಸೂರು ಸರಕಾರದ ವಶವಾಯಿತು. ಅಲ್ಲಿಂದ ಮುಂದೆ ಬಹುಕಾಲ ಬಾನುಲಿಯೆಂದರೆ ಸರಕಾರದ ಬಾನುಲಿಯೇ ಆಯಿತು.

ಪುತ್ತೂರು ಸೀಮೆ ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. 1938ರಲ್ಲಿ ಮದರಾಸಿನ ಕೇಂದ್ರ ತೆರೆದರೂ ನಮ್ಮ ಕಡೆಯವರಿಗೆ ಅದರಿಂದಾದ ಲಾಭ ಅಷ್ಟಕ್ಕಷ್ಟೇ. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ಕೇಂದ್ರಗಳು ಬಂದವು. ಮಂಗಳೂರಿಗೆ ಆಕಾಶವಾಣಿ ಬಂದುದು 1976ರ ದಶಂಬರದಲ್ಲಿ. ಕನ್ನಡದ ಮೊದಲ ವೃತ್ತಪತ್ರವಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿಯೇ ಕಂಡ ಜಿಲ್ಲೆಯು ತನ್ನ ಬಾನುಲಿಗಾಗಿ ಇಷ್ಟು ಕಾಲ ಕಾದುದನ್ನು ನೆನೆದರೆ ಸೋಜಿಗವಾಗುತ್ತದೆ. ಆದರೂ ಬಂದ ಮೇಲೆ ಅದು ಮನೆಮಾತಾಯಿತು. ಯಕ್ಷಗಾನ ತಾಳಮದ್ದಳೆಗಳೂ, ತುಳು ಕೊಂಕಣಿ ಕಾರ್ಯಕ್ರಮಗಳೂ, ಅಡಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ಬಗೆಗಿನ ಮಾತುಗಳೂ ಮನೆಯ ಜಗಲಿಗೆ ಬಂದು ಕುಳಿತವು.

ವಾಯುತರಂಗಗಳು ಸಾರ್ವಜನಿಕರ ಸೊತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತ ಮೇಲೆ ಬಾಗಿಲು ಮೆಲ್ಲನೆ ತೆರೆಯಿತು. 2002ರಲ್ಲಿ ವಿದ್ಯಾಸಂಸ್ಥೆಗಳಿಗೂ, 2006ರಲ್ಲಿ ನೋಂದಾಯಿತ ಸೇವಾಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಅನುಮತಿ ದೊರೆಯಿತು. ಪುತ್ತೂರಿನ ಕೇಂದ್ರ ಈ ಬಾಗಿಲಿನಿಂದಲೇ ಬಂದುದು. ಆದರೆ ಅನುಮತಿಯ ಜೊತೆಗೇ ಒಂದು ನಿಷೇಧವೂ ಅಂಟಿಕೊಂಡು ಬಂದಿತು: ಸ್ವಂತ ವಾರ್ತೆಯನ್ನೂ ರಾಜಕೀಯ ವಿದ್ಯಮಾನಗಳನ್ನೂ ಪ್ರಸಾರ ಮಾಡಕೂಡದು, ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನು ಅಕ್ಷರವೂ ತಿದ್ದದೆ ಮರುಪ್ರಸಾರ ಮಾಡಬಹುದು. ದೆಹಲಿಯ ಸುದ್ದಿ ಪುತ್ತೂರಿನಿಂದ ಹೋಗಬಹುದು, ಪುತ್ತೂರಿನ ಸುದ್ದಿ ಪುತ್ತೂರಿನಿಂದ ಹೋಗಕೂಡದು! ಅದೇ ಸಂಗತಿಯನ್ನು ಪೇಟೆಯ ವಾರಪತ್ರಿಕೆಯೊಂದು ಅಚ್ಚು ಹಾಕಿದರೆ ಯಾರ ಆಕ್ಷೇಪವೂ ಇಲ್ಲ.

ನಿಷೇಧಕ್ಕೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. ಕೋಮುದ್ವೇಷವನ್ನು ಕೆರಳಿಸುವ ಒಂದು ಮಾತಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆಂಬುದನ್ನು ದಕ್ಷಿಣ ಕನ್ನಡದವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಆದರೆ ಇಂದು ಅಂತಹ ಮಾತು ಹಬ್ಬುವುದು ಹೆಸರಿಲ್ಲದ, ವಿಳಾಸವಿಲ್ಲದ ಮೊಬೈಲ್ ಸಂದೇಶಗಳಿಂದ. ಪರವಾನಗಿ ಪಡೆದು, ಇಂಥದೇ ಕಟ್ಟಡದಲ್ಲಿ ಕುಳಿತು, ತನ್ನ ಹೆಸರು ಹೇಳಿ ಮಾತನಾಡುವ ಕೇಂದ್ರವನ್ನು ಪ್ರಶ್ನಿಸುವುದು ಇದಕ್ಕಿಂತ ಎಷ್ಟೋ ಸುಲಭ.

ವಾರ್ತೆಯ ಅಗತ್ಯ ನಮ್ಮ ಸೀಮೆಯಲ್ಲಿ ಬರಿಯ ಕುತೂಹಲದ ಮಾತಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬೆಟ್ಟ ಕುಸಿದು ಸಂಪಾಜೆ ಘಾಟಿಯ ರಸ್ತೆ ಮುಚ್ಚಿತು; ಮನೆಮಾರು ಕಳೆದುಕೊಂಡವರು ಸುಳ್ಯ ತಾಲೂಕಿನ ಅರಂತೋಡು, ಕಲ್ಲುಗುಂಡಿಗಳಲ್ಲಿ ಆಶ್ರಯ ಪಡೆದರು. 2022ರ ಜೂನ್ ತಿಂಗಳಲ್ಲಿ ಅದೇ ಸಂಪಾಜೆಯ ಸುತ್ತಿನಲ್ಲಿ ಭೂಮಿ ಮತ್ತೆ ಮತ್ತೆ ಕಂಪಿಸಿತು. ಆ ವರ್ಷವೇ ಆಗಸ್ಟಿನ ಆರಂಭದಲ್ಲಿ ಕಡಬ ತಾಲೂಕಿನ ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಜರಿದು ಇಬ್ಬರು ಬಾಲಕಿಯರು ಅಸುನೀಗಿದರು. ಇಂತಹ ರಾತ್ರಿಗಳಲ್ಲಿ ವಿದ್ಯುತ್ತು ಹೋಗುತ್ತದೆ, ಅದರ ಬೆನ್ನಿಗೆ ಮೊಬೈಲಿನ ಸಂಪರ್ಕವೂ ಹೋಗುತ್ತದೆ. ಎರಡು ಶೆಲ್ಲು ಹಾಕಿದ ಟ್ರಾನ್ಸಿಸ್ಟರ್ ಮಾತ್ರ ಮಾತನಾಡಬಲ್ಲುದು. ಕುಮಾರಧಾರೆ ಎಷ್ಟು ಏರಿದೆ, ಯಾವ ಸೇತುವೆ ಮುಳುಗಿದೆ, ನಾಳೆ ಶಾಲೆಯುಂಟೋ ಇಲ್ಲವೋ ಎಂಬುದನ್ನು ಯಾರಾದರೂ ಅದಕ್ಕೆ ಹೇಳಿಕೊಡಬೇಕಷ್ಟೆ.

ಇಲ್ಲಿ ಅಧಿಕಾರಿವರ್ಗದವರ ಗಮನಕ್ಕೆ ತರಬೇಕಾದ ಒಂದು ಅಂಶವುಂಟು. ನಿಷೇಧದ ನಿಯಮದಲ್ಲಿಯೇ ಒಂದು ಕಿಂಡಿಯನ್ನು ಇಡಲಾಗಿದೆ. ಹವಾಮಾನ, ರಸ್ತೆ ಸಂಚಾರ, ಪರೀಕ್ಷಾ ಫಲಿತಾಂಶ, ಉದ್ಯೋಗಾವಕಾಶ, ನೀರು ವಿದ್ಯುತ್ತುಗಳ ಪ್ರಕಟಣೆ, ಸ್ಥಳೀಯ ಆಡಳಿತವು ಒದಗಿಸುವ ಪ್ರಕೃತಿವಿಕೋಪದ ಮುನ್ಸೂಚನೆ, ಆರೋಗ್ಯ ಎಚ್ಚರಿಕೆ, ಇವು ಯಾವುವೂ ನಿಷಿದ್ಧ ‘ವಾರ್ತೆ’ಯಲ್ಲ. ಅಂದರೆ ತಹಸೀಲ್ದಾರರು ಸೂಚನೆ ಕೊಟ್ಟರೆ ಕೇಂದ್ರವು ನಿರಾತಂಕವಾಗಿ ಸಾರಬಹುದು. ಕಾನೂನು ತಿದ್ದುಪಡಿಯಾಗುವವರೆಗೆ ಕಾಯಬೇಕಾಗಿಲ್ಲ. ಕಚೇರಿಯಿಂದ ಕೇಂದ್ರಕ್ಕೆ ಒಂದು ದೂರವಾಣಿ ಕರೆ ಸಾಕು.

ಇನ್ನೊಂದು ಅಡ್ಡಿ ಬೆಟ್ಟಗಳದು. ಸಮುದಾಯ ಬಾನುಲಿಗೆ ಸಾಮಾನ್ಯವಾಗಿ ಸಲ್ಲುವ ಬಲ 100 ವ್ಯಾಟ್, ಕಂಬದ ಎತ್ತರ 30 ಮೀಟರ್. ಈ ತರಂಗಗಳು ಬೆಳಕಿನಂತೆ ನೇರವಾಗಿ ಸಾಗತಕ್ಕವು. ಗುಡ್ಡ ಅಡ್ಡವಾದರೆ ಅದರಾಚೆ ನೆರಳೇ. ಬಯಲಿನಲ್ಲಿಯೂ ಹತ್ತು ಹದಿನೈದು ಕಿಲೋಮೀಟರಿಗೆ ಮಿಕ್ಕಿ ನೆಚ್ಚುವಂತಿಲ್ಲ. ಪುತ್ತೂರಿನಿಂದ ಸುಳ್ಯಕ್ಕಾಗಲಿ ಕಡಬಕ್ಕಾಗಲಿ ದಾರಿ ಮೂವತ್ತು ಕಿಲೋಮೀಟರಿಗೂ ಮೀರಿದ್ದು. ಆದುದರಿಂದ ಒಂದೇ ಕೇಂದ್ರವು ಮೂರು ತಾಲೂಕುಗಳಿಗೂ ಸಾಲದು. ಸುಳ್ಯದಲ್ಲಿ ಅರೆಭಾಷೆಯಲ್ಲಿ, ಕಡಬದಲ್ಲಿ ತುಳುವಿನಲ್ಲಿ ನೆರೆಯ ಎಚ್ಚರಿಕೆ ಕೇಳಬೇಕಾದರೆ ಅಲ್ಲಲ್ಲಿಯದೇ ಧ್ವನಿ ಬೇಕು. ವಿದ್ಯಾಸಂಸ್ಥೆಗಳೂ, ಕೃಷಿ ವಿಜ್ಞಾನ ಕೇಂದ್ರಗಳೂ, ಮೂರು ವರ್ಷ ಸೇವೆ ಸಲ್ಲಿಸಿದ ನೋಂದಾಯಿತ ಸಂಸ್ಥೆಗಳೂ ಅರ್ಜಿ ಹಾಕಬಹುದೆಂದು 2006ರ ನಿಯಮವಿದೆ. ಸುಳ್ಯವು ವಿದ್ಯಾಸಂಸ್ಥೆಗಳಿಗೆ ಬಡ ಊರಲ್ಲ.

ಮಳೆಗಾಲ ಆರಂಭವಾಗುವುದು ಜೂನಿನಲ್ಲಿ. ಅದಕ್ಕೆ ಮೊದಲೇ, ಮೇ ತಿಂಗಳಿನ ಮುಂಜಾಗ್ರತಾ ಸಭೆಯಲ್ಲಿ, ದೋಣಿ, ಹಗ್ಗ, ಗಂಜಿಕೇಂದ್ರಗಳ ಪಟ್ಟಿಯ ಜೊತೆಗೆ, ಬಾನುಲಿ ಕೇಂದ್ರಕ್ಕೆ ದಿನಕ್ಕೆರಡು ಸಲ ಸೂಚನೆ ಕೊಡತಕ್ಕ ಗುಮಾಸ್ತರು ಯಾರೆಂಬುದನ್ನೂ ಬರೆದಿಡುವರೆಂದು ನಾವು ನಿರೀಕ್ಷಿಸುತ್ತೇವೆ.