ದೋಷ ಕಾರಿನದೋ, ಚಾಲಕನದೋ? ಸಿಮ್ಯುಲೇಟರ್‌ನ ‘ಮಾಡ್’ ಕಾರನ್ನು ಪರೀಕ್ಷಿಸುವ ಬಗೆ

ರೇಸಿಂಗ್ ಸಿಮ್ಯುಲೇಟರ್‌ನಲ್ಲಿ ಹೊಸದಾಗಿ ಅಳವಡಿಸಿದ ಕಾರು ಪ್ರತಿ ತಿರುವಿನಲ್ಲೂ ಗಿರಕಿ ಹೊಡೆದು ಟ್ರ್ಯಾಕಿನಿಂದ ಹೊರಬೀಳುತ್ತಿದ್ದರೆ ತಪ್ಪು ಯಾರದು? ಚಾಲಕನದೋ, ಕಾರಿನ ಹೊಂದಾಣಿಕೆಯದೋ ಅಥವಾ ಅದನ್ನು ರೂಪಿಸಿದವರದೋ? ಇದನ್ನು ಬೇರ್ಪಡಿಸಿ ನೋಡದೆ ದೋಷಪೂರಿತ ಕಾರಿಗೇ ಕೈ ಪಳಗಿಸಿಕೊಂಡವರು ಉತ್ತಮ ಕಾರಿನಲ್ಲಿ ಎಡವುತ್ತಾರೆ.

ಇಟಲಿಯ ಕುನೋಸ್ ಸಿಮ್ಯುಲಾಜಿಯೋನಿ ಸಂಸ್ಥೆಯ ‘ಅಸೆಟ್ಟೊ ಕೋರ್ಸಾ’ ಇದಕ್ಕೆ ತಕ್ಕ ಉದಾಹರಣೆ. 2014ರ ಡಿಸೆಂಬರ್‌ನಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾದ ಈ ಸಿಮ್ಯುಲೇಟರ್‌ಗೆ ಹವ್ಯಾಸಿಗಳು ಅಸಂಖ್ಯ ಕಾರುಗಳನ್ನು ರೂಪಿಸಿದ್ದಾರೆ. ಇವೇ ‘ಮಾಡ್’ಗಳು. ಕಾರಿನ ಹೊರರೂಪ ಒಂದು ಕಡತದಲ್ಲಿದ್ದರೆ, ತೂಕ, ಎಂಜಿನ್ ಶಕ್ತಿ, ಸಸ್ಪೆನ್ಷನ್ ಹಾಗೂ ಟೈರಿನ ಹಿಡಿತ ಬೇರೆ ಕಡತಗಳಲ್ಲಿ ಅಂಕಿಗಳಾಗಿ ಅಡಗಿರುತ್ತವೆ. ನೋಡಲು ಅಂದವಾದ ಕಾರು ಓಡಿಸಲು ಕೆಟ್ಟದಾಗಿರಲು ಇದೇ ಕಾರಣ.

ಮೊದಲು ಕಡತ

ಕಾರು ಪಟ್ಟಿಯಲ್ಲೇ ಕಾಣದಿದ್ದರೆ ಅದರ ಫೋಲ್ಡರ್ ‘ಕಂಟೆಂಟ್’ ಒಳಗಿನ ‘ಕಾರ್ಸ್’ ಫೋಲ್ಡರ್‌ನಲ್ಲಿ ನೇರವಾಗಿ ಇದೆಯೇ ಎಂದು ನೋಡಬೇಕು. ಒಂದೇ ಹೆಸರಿನ ಫೋಲ್ಡರ್‌ನೊಳಗೆ ಇನ್ನೊಂದು ಸೇರಿಕೊಳ್ಳುವುದು ಸಾಮಾನ್ಯ ತಪ್ಪು. ಎಂಜಿನ್ ಸದ್ದು ಕೇಳದಿದ್ದರೆ ಧ್ವನಿಯ ಕಡತ ಬಿಟ್ಟುಹೋಗಿರುವ ಸಾಧ್ಯತೆ ಇದೆ. ನಿಂತಲ್ಲೇ ಕಾರು ನಡುಗಿದರೆ ಸಸ್ಪೆನ್ಷನ್ನಿನ ಅಂಕಿಗಳ ಮೇಲೆ ಸಂಶಯಪಡಬಹುದು.

ಹೋಲಿಕೆಯೇ ಒರೆಗಲ್ಲು

ಬಳಿಕ ಸಂಸ್ಥೆಯೇ ನೀಡಿರುವ, ತೂಕ ಮತ್ತು ಶಕ್ತಿಯಲ್ಲಿ ಸಮೀಪದ ಕಾರನ್ನು ಅದೇ ಟ್ರ್ಯಾಕಿನಲ್ಲಿ ಓಡಿಸಬೇಕು. ಅದೂ ಹಾಗೆಯೇ ಜಾರಿದರೆ ದೋಷ ಸ್ಟಿಯರಿಂಗ್ ಹೊಂದಾಣಿಕೆಯಲ್ಲಿ ಅಥವಾ ಚಾಲನೆಯಲ್ಲಿದೆ. ಮಾಡ್ ಮಾತ್ರ ಜಾರಿದರೆ ಅದರ ಹೊಂದಾಣಿಕೆಯತ್ತ ಗಮನ ಹರಿಸಬೇಕು. ತೀರ್ಪು ನೀಡುವ ಮೊದಲು ಎರಡು ಮೂರು ಸುತ್ತು ಹಾಕುವುದು ಅಗತ್ಯ. ತಣ್ಣಗಿರುವ ರೇಸ್ ಟೈರಿಗೆ ಹಿಡಿತ ಕಡಿಮೆ; ಬಿಸಿಯೇರಿದಂತೆ ಅದರ ಗಾಳಿಯ ಒತ್ತಡವೂ ಏರುತ್ತದೆ.

ಬ್ರೇಕ್ ಒತ್ತಿದಾಗ ಹಿಂಭಾಗ ಜಾರಿದರೆ ಬ್ರೇಕಿನ ಪಾಲನ್ನು ಮುಂದಿನ ಚಕ್ರಗಳಿಗೆ ಸ್ವಲ್ಪ ಹೆಚ್ಚಿಸಬೇಕು. ತಿರುವಿನಿಂದ ಹೊರಬರುವಾಗ ಜಾರಿದರೆ ಮೊದಲು ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ ನೋಡಬೇಕು. ಅದರಿಂದಲೂ ಸರಿಹೋಗದಿದ್ದರೆ ಹಿಂದಿನ ಆಂಟಿ-ರೋಲ್ ಬಾರನ್ನು ಸಡಿಲಿಸಬಹುದು. ಮೂತಿ ತಿರುಗದೆ ನೇರವಾಗಿ ಸಾಗಿದರೆ ತಿರುವನ್ನು ಪ್ರವೇಶಿಸುವ ವೇಗವೇ ಅತಿಯಾಗಿರಬಹುದು. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು. ಮೂರನ್ನು ಒಟ್ಟಿಗೆ ಬದಲಿಸಿದರೆ ಫಲ ನೀಡಿದ್ದು ಯಾವುದೆಂದು ತಿಳಿಯದು.

ಕಡತ ತಿದ್ದುವ ಮುನ್ನ

ಈ ಯಾವ ಉಪಾಯವೂ ಫಲಿಸದಿದ್ದರೆ ಅಂಕಿಗಳನ್ನೇ ತಿದ್ದುವ ಆಸೆ ಸಹಜ. ಆದರೆ ಆನ್‌ಲೈನ್ ಸ್ಪರ್ಧೆಗಳಲ್ಲಿ ಸರ್ವರ್ ತನ್ನ ಪ್ರತಿಯೊಂದಿಗೆ ಸ್ಪರ್ಧಿಯ ಕಡತವನ್ನು ತಾಳೆ ನೋಡುವ ವ್ಯವಸ್ಥೆ ಇದೆ. ಒಂದು ಅಂಕಿ ಬದಲಾದರೂ ಸ್ಪರ್ಧಿ ಹೊರಗುಳಿಯಬೇಕಾದೀತು. ಆದ್ದರಿಂದ ಮೂಲ ಕಾರಿನ ಪ್ರತಿಯನ್ನು ಬೇರೆಡೆ ಉಳಿಸಿಕೊಂಡು, ತಿದ್ದಿದ ಪ್ರತಿಯನ್ನು ಏಕಾಂಗಿ ಅಭ್ಯಾಸಕ್ಕಷ್ಟೇ ಬಳಸುವುದು ಲೇಸು.