ಕಾಂಕ್ರೀಟ್‌ಗೆ ಸಕ್ಕರೆ ಹಾಕಬಹುದಾ?

ಬಳ್ಳಾರಿಯಲ್ಲಿ ನಮ್ಮನೆ ಕಟ್ಟಿಸ್ತಿದ್ದಾಗ ನಡೆದಿದ್ದು. ಮೇ ತಿಂಗಳ ಬಿಸಿಲಿಗೆ ಕಾಲಂ ಕಾಂಕ್ರೀಟು ಬಾಂಡ್ಲಿಯಲ್ಲೇ ಬಿಗಿಯಾಗ್ತಿತ್ತು. ಸ್ಲ್ಯಾಬ್ ಹಾಕೋ ಮುಂಚೆ ಮೇಸ್ತ್ರಿ ಕೇಳಿದ್ರು: “ತಮ್ಮಾ, ಮೂಟೆಗೊಂದು ಹಿಡಿ ಸಕ್ಕರೆ ಹಾಕೋಣೇನು?”

ನಾನು ಬಿ.ಕಾಂ. ಓದಿದವನು, ತಮಾಷೆ ಅಂದ್ಕೊಂಡೆ. ಆದ್ರೆ ಅದು ನಿಜ.

ಸಿಮೆಂಟ್ ಗಟ್ಟಿಯಾಗೋದು ಒಣಗಿ ಅಲ್ಲ, ನೀರಿನ ಜೊತೆ ನಡೆಯೋ ರಾಸಾಯನಿಕ ಕ್ರಿಯೆಯಿಂದ. ಸಕ್ಕರೆ ಸಿಮೆಂಟ್ ಕಣಗಳಿಗೆ ಅಂಟಿಕೊಂಡು ಆ ಕ್ರಿಯೆಯನ್ನ ತಡ ಮಾಡುತ್ತೆ. ರೆಡಿಮಿಕ್ಸ್ ಲಾರಿ ದಾರಿಯಲ್ಲಿ ಕೆಟ್ಟು ನಿಂತ್ರೆ ಡ್ರಮ್‌ಗೆ ಸಕ್ಕರೆ ಸುರಿಯೋದೂ ಇದಕ್ಕೇ.

ಸಮಸ್ಯೆ ಇರೋದು ಲೆಕ್ಕದಲ್ಲಿ. ಸಿಮೆಂಟ್ ತೂಕದ ಶೇ. 0.05ರಷ್ಟು, ಅಂದ್ರೆ 50 ಕೆಜಿ ಮೂಟೆಗೆ ಬರೀ 25 ಗ್ರಾಂ ಸಕ್ಕರೆ ಕೆಲವು ಗಂಟೆ ತಡ ಮಾಡುತ್ತೆ. ಶೇ. 1ಕ್ಕೆ, ಅಂದ್ರೆ ಅರ್ಧ ಕೆಜಿಗೆ ಹೋದ್ರೆ ಕಾಂಕ್ರೀಟ್ ಸೆಟ್ ಆಗದೇ ಉಳಿಯಬಹುದು. ಹಿಡಿ ಅಂದ್ರೆ ಯಾರ ಹಿಡಿ? ಎಲ್ಲಾ ಕಡೆ ಸಮನಾಗಿ ಬೆರೆಯುತ್ತಾ?

“ಹಳೇ ಕಟ್ಟಡಗಳಿಗೆ ಬೆಲ್ಲ, ಅಳಲೆಕಾಯಿ ನೀರು ಹಾಕ್ತಿರಲಿಲ್ವಾ?” ಅಂತೀರಾ. ಹಾಕ್ತಿದ್ರು, ಸುಣ್ಣದ ಗಾರೆಗೆ. ಸುಣ್ಣ ಗಟ್ಟಿಯಾಗೋ ರೀತಿಯೇ ಬೇರೆ, ಅದು ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಹೀರುತ್ತೆ. ಬೆಲ್ಲದಲ್ಲಿ ಸಕ್ಕರೆ ಅಂಶ ಅಚ್ಚಿಂದ ಅಚ್ಚಿಗೆ ಬದಲಾಗುತ್ತೆ, ಹಾಗಾಗಿ ಅಳತೆ ಇನ್ನೂ ಕಷ್ಟ.

ನಾವು ಸಕ್ಕರೆ ಹಾಕಲಿಲ್ಲ. ಜಲ್ಲಿಗೆ ನೆರಳು ಮಾಡಿ, ತಣ್ಣೀರು ಇಟ್ಕೊಂಡು, ಬೆಳಗ್ಗೆ 5ಕ್ಕೇ ಕೆಲಸ ಶುರು ಮಾಡಿದ್ವಿ. ಬಿಗಿಯಾಯ್ತು ಅಂತ ಮೇಲಿಂದ ನೀರು ಮಾತ್ರ ಸುರಿಯಬೇಡಿ, ಕಾಂಕ್ರೀಟ್ ಬಲ ಕಳ್ಕೊಳ್ಳುತ್ತೆ. ತಡ ಮಾಡಲೇಬೇಕಂದ್ರೆ ಇಂಜಿನಿಯರ್‌ನ ಕೇಳಿ, ಗ್ರಾಂ ಲೆಕ್ಕದಲ್ಲಿ ತೂಗಿ, ಮೊದಲು ಸ್ವಲ್ಪ ಕಲಸಿ ಪರೀಕ್ಷೆ ಮಾಡಿ. ಚಹಾಕ್ಕೆ ಸಕ್ಕರೆ ಜಾಸ್ತಿಯಾದ್ರೆ ಚೆಲ್ಲಬಹುದು. ಸ್ಲ್ಯಾಬ್ ಚೆಲ್ಲೋಕಾಗಲ್ಲ.